ಅರಿಶಿನದ ಗುಳಿಗೆ, ಏಳು ಡಾಲರ್ ಸಾಲ

ಒಕಿನಾವಾ ದ್ವೀಪದ ಬಡಗು ತುದಿಯಲ್ಲೊಂದು ಊರು.
ಅಲ್ಲಿ ತೊಂಬತ್ತು ದಾಟಿದವರನ್ನು ಎಣಿಸಲು
ಕೈಬೆರಳು ಸಾಲದು, ಕಾಲ್ಬೆರಳೂ ಬೇಕು.
ಸಾರಿಗೆ ಅರಿಶಿನ, ಚಹಕ್ಕೆ ಅರಿಶಿನ,
ರಾತ್ರಿಯ ಸಾರಾಯಿಗೆ ಮರುಬೆಳಗಿನ ಮದ್ದೂ ಅರಿಶಿನ;
ಆದರೂ ಕನ್ನಡಕ ಹಣೆಗೇರಿಸಿಕೊಂಡೇ
ಮನೆಯಿಡೀ ಕನ್ನಡಕ ಹುಡುಕುತ್ತಾರೆ.

ಇದೇನೆಂದು ಪರೀಕ್ಷಿಸಲು ಬಂದ
ನಾಹಾ ಪಟ್ಟಣದ ಎಳೆ ಡಾಕ್ಟರು ತೋಕಾಶಿಕಿ,
ಕಾರಿನ ತುಂಬ ಡಬ್ಬಿ, ಕೈಯಲ್ಲಿ ಕೊಡೆ.
‘ಅಜ್ಜಿಯರೇ, ಅರ್ಧ ಮಂದಿಗೆ ಅರಿಶಿನದ ಗುಳಿಗೆ,
ಅರ್ಧ ಮಂದಿಗೆ ಬಣ್ಣ ಕಲೆಸಿದ ಬರೀ ಅಕ್ಕಿಹಿಟ್ಟು.
ಯಾರಿಗೆ ಯಾವುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ;
ಗೊತ್ತಿರುವುದು ಮೊಹರು ಒತ್ತಿದ ಈ ಲಕೋಟೆಗೆ ಮಾತ್ರ.’

ಸಂಜೆಯೊಳಗೆ ಊರಿಗೆಲ್ಲ ಗೊತ್ತು.
ಗುಳಿಗೆ ಒಡೆದು ಬಿಳಿ ಬಟ್ಟೆಗೆ ಉಜ್ಜಿ
ಸೋಪು ಹಾಕಿ ತಿಕ್ಕಿದರು.
ಹೋದದ್ದು ಹಿಟ್ಟು, ಹೋಗದ್ದು ಅರಿಶಿನ.
ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳೆಯ ಮಾತು;
ಹಳದಿಯೆಲ್ಲ ಅರಿಶಿನವಲ್ಲ,
ಇದು ಆಧುನಿಕ ವೈದ್ಯಶಾಸ್ತ್ರ.

ನಾಬೆಗೆ ಬಿದ್ದದ್ದು ಹಿಟ್ಟು.
ಕಮಾಡುವಿಗೆ ಅರಿಶಿನ.
ಕಮಾಡುವಿನ ಮುಖ ಅದಕ್ಕಿಂತ ಹಳದಿಯಾಯಿತು.

ಕಾರಣವಿದೆ.
ಆ ದ್ವೀಪದಲ್ಲಿ ಅಮೆರಿಕದ ದುಡ್ಡು ಓಡುತ್ತಿದ್ದ ಕಾಲ,
ನಾಬೆಯ ಕೈಯಿಂದ ಕಮಾಡು ಪಡೆದಿದ್ದಳು ಏಳು ಡಾಲರು
ಹಂದಿಮರಿ ಕೊಳ್ಳಲು.
ಮರಿ ಬೆಳೆಯಿತು, ಹನ್ನೊಂದು ಮರಿ ಹಾಕಿತು,
ಮಗಳ ಮದುವೆಯ ಊಟವೂ ಆಯಿತು.
ಸಾಲ ಮಾತ್ರ ನೆನಪಿನ ಹಿತ್ತಲಿನ ಬೇಲಿ ಹಾರಿ
ಎತ್ತಲೋ ಹೋಗಿ ಮೇಯುತ್ತಿತ್ತು.
ಇಷ್ಟು ವರ್ಷ ಕಷ್ಟಪಟ್ಟು ಸಾಕಿದ ಮರೆವು!
ಒಂದು ಗುಳಿಗೆಯಿಂದ ಅದು ವಾಸಿಯಾಗಿಬಿಟ್ಟರೆ?

ದಿನಕ್ಕೆರಡರಂತೆ ಆಡಿನ ಬಾಯಿಗೆ ಹಾಕಿದಳು.
ಆಡು ಮುಟ್ಟದ ಸೊಪ್ಪಿಲ್ಲವಂತೆ, ಗುಳಿಗೆ ಯಾವ ಲೆಕ್ಕ?
ತಿಂಗಳಾಗುವಷ್ಟರಲ್ಲಿ ಅದು
ಸಂಜೆ ನಾಲ್ಕೂಕಾಲಕ್ಕೆ, ಒಂದು ನಿಮಿಷ ತಪ್ಪದೆ,
ನಾಬೆಯ ಹಾಗಲ ಚಪ್ಪರದಡಿ ಹಾಜರು.

ಆರು ತಿಂಗಳ ಮೇಲೆ ಡಾಕ್ಟರು ಮತ್ತೆ ಬಂದ.
ಊರ ಛತ್ರದಲ್ಲಿ ಸಾಲಾಗಿ ಕೂರಿಸಿ ಐದು ಪದ ಹೇಳಿದ:
ಕೊಡೆ, ಬೆಕ್ಕು, ಹಡಗು, ಕಬ್ಬು, ದೀಪ.
ಹತ್ತು ನಿಮಿಷ ಬಿಟ್ಟು ಕೇಳಿದ.

‘ಕಬ್ಬು...’ ಎಂದಳು ನಾಬೆ.
‘ಹೌದು, ಕಬ್ಬು ಕಡಿಯುವ ತಿಂಗಳಲ್ಲೇ ಕೊಟ್ಟದ್ದು.
ಏಳು ಡಾಲರು. ದುಡ್ಡು ಬದಲಾದ ದಿನದ ದರ ಮುನ್ನೂರೈದು,
ಅಲ್ಲಿಗೆ ಎರಡು ಸಾವಿರದ ನೂರ ಮೂವತ್ತೈದು ಯೆನ್.
ಬಡ್ಡಿ ಬಿಟ್ಟಿದ್ದೇನೆ, ನೆರೆಯವಳು ಪಾಪ.’
ಡಾಕ್ಟರು ಬರೆದುಕೊಂಡ: ಐದಕ್ಕೆ ಒಂದು. ಚಿಂತಾಜನಕ.

ಕಮಾಡು ಐದನ್ನೂ ಹೇಳಿದಳು,
ಕೊನೆಯಿಂದ ಮೊದಲಿಗೂ ಹೇಳಿದಳು,
ಕೊಡೆಯ ಬಣ್ಣ ಬೇಕೇ ಎಂದೂ ಕೇಳಿದಳು.
‘ಅರಿಶಿನದ ಪವಾಡ!’ ಡಾಕ್ಟರು ಕುರ್ಚಿಯಿಂದೆದ್ದ.
‘ಹಾಗಾದರೆ ಅಜ್ಜಿ, ಆ ಸಾಲದ ವಿಷಯ...?’
‘ಯಾವ ಹಂದಿ?’ ಎಂದಳು ಕಮಾಡು.

ಹಂದಿಯ ಮಾತನ್ನು ಯಾರೂ ಎತ್ತಿರಲಿಲ್ಲ.

ಛತ್ರದ ಹೆಂಚು ಹಾರುವಂತೆ ನಕ್ಕರು,
ಕಿವಿ ಕೇಳದ ಮುದುಕನೂ ನಕ್ಕ, ಯಾಕೆಂದು ಆಮೇಲೆ ಕೇಳಿದ.

ಮರುದಿನ ಕಮಾಡು ಬಂದು ನಾಬೆಯ ಜಗಲಿಯಲ್ಲಿ ಕೂತು
ಎರಡು ಸಾವಿರ ಎಣಿಸಿಟ್ಟಳು.
‘ಮತ್ತೆ ನೂರ ಮೂವತ್ತೈದು?’
‘ಅದೇನದು?’
ನಾಬೆ ಹೆಚ್ಚು ಒತ್ತಾಯಿಸಲಿಲ್ಲ.
ಅದನ್ನು ಕೇಳಲಿಕ್ಕೇ ಇನ್ನೊಂದು ಹತ್ತು ವರ್ಷ ಬೇಕು,
ಈಗಲೇ ಮುಗಿಸಿಬಿಟ್ಟರೆ ಬೆಳಗ್ಗೆದ್ದು ಮಾಡುವುದೇನು?
ಕೊಟ್ಟವನು ಕೋಡಂಗಿ ಎಂದವನು
ತೊಂಬತ್ತಮೂರರವರೆಗೆ ಬದುಕಿರಲಿಕ್ಕಿಲ್ಲ.

ಡಾಕ್ಟರು ಲಕೋಟೆ ಒಡೆದನೋ ಇಲ್ಲವೋ ತಿಳಿಯದು.
ಛತ್ರದ ಗೂಟದಲ್ಲಿ ಅವನ ಕೊಡೆ ಇನ್ನೂ ನೇತಾಡುತ್ತಿತ್ತು,
ಅದೇ, ಪಟ್ಟಿಯ ಮೊದಲ ಪದ.
ನಾಬೆ ಅದನ್ನು ಮನೆಗೆ ತಂದಿಟ್ಟುಕೊಂಡಿದ್ದಾಳೆ.
ನಾಲ್ಕೂಕಾಲಕ್ಕೆ ಬೇಕಾಗುತ್ತದೆ,
ಆಡು ಓಡಿಸಲು.