ಪಿಸುಮಾತಿನ ಪೆಟ್ಟಿಗೆ

ನನ್ನ ಹೆಸರು ಹಿಲ್ಯಾ. ನಮ್ಮ ನುಡಿಯಲ್ಲಿ ಹಾಗೆಂದರೆ
ಸದ್ದಿಲ್ಲದವಳು. ಅಪ್ಪ ಇಟ್ಟ ಹೆಸರೇ ಹೊಟ್ಟೆಪಾಡಾಯಿತು:
ರಂಗದಂಚಿನ ಪೆಟ್ಟಿಗೆಯಲ್ಲಿ ಕತ್ತಿನವರೆಗೆ ಹೂತು ಕೂತು
ಮಾತು ಮರೆತವರಿಗೆ ಮಾತು ಎತ್ತಿಕೊಡುವುದು.
ವೀಪುರಿಯಲ್ಲಿ, ಹದಿನಾಲ್ಕು ಚಳಿಗಾಲ.

ಜನ ಮುಖ ನೋಡುತ್ತಾರೆ. ನಾನು ಕಂಡದ್ದು ಬೂಟು.
ಆರ್ವಿ ಕೊಸೊನೆನ್‌ನ ಎಡಗಾಲ ಅಟ್ಟೆ
ಹೆಬ್ಬೆರಳ ಕೆಳಗೆ ಸವೆದಿತ್ತು, ನಾಣ್ಯದಗಲ.
ಪಾದ್ರಿಯಾದರೂ ಅದೇ ಬೂಟು, ಕುದುರೆಗಳ್ಳನಾದರೂ ಅದೇ.
ಮಾತು ತಪ್ಪುವ ಮುನ್ನ ಆ ಹೆಬ್ಬೆರಳು
ಒಳಗೊಳಗೇ ಮಡಚಿಕೊಂಡು
ತೊಗಲು ತುಸು ಉಬ್ಬುತ್ತಿತ್ತು.
ನನಗಷ್ಟು ಸಾಕು. ಒಂದೇ ಒಂದು ಪದ ಮೇಲಕ್ಕೆಸೆದರೆ
ಹಾರಿ ಹಿಡಿದು ಇಡೀ ಪುಟ ಆಡಿಬಿಡುತ್ತಿದ್ದ,
ಮರೆವು ಕೂಡ ಆ ಪಾತ್ರದ ನಿಟ್ಟುಸಿರೇ ಎಂಬಂತೆ.

ಆ ಚಪ್ಪಾಳೆಯಲ್ಲಿ ಅರ್ಧ ನನ್ನದು
ಎಂದುಕೊಂಡದ್ದುಂಟು. ಯಾರಿಗೂ ಹೇಳಿರಲಿಲ್ಲ.

ಮೂವತ್ತೊಂಬತ್ತರ ಅಕ್ಟೋಬರ್. ಹೊಸ ನಾಟಕ.
ತಮ್ಮನೋ ನೆರೆಯವನೋ ಆಗಿಯೇ ಹತ್ತು ವರ್ಷ ಸವೆಸಿದವನಿಗೆ
ಮೊದಲ ಸಲ ಮುಖ್ಯ ಪಾತ್ರ: ಕಣ್ಣು ಮಂಜಾಗುತ್ತಿರುವ
ಗಡಿಯಾರ ರಿಪೇರಿಯವನು.
ತಾಲೀಮು ಎರಡನೆಯ ಅಂಕ ಮುಟ್ಟಿದ ಮಂಗಳವಾರ
ಚೀಟಿ ಬಂತು. ಹೆಚ್ಚುವರಿ ಕವಾಯತು, ಅಂತ ಬರೆದಿತ್ತು.
“ಎರಡು ವಾರ,” ಎಂದ. ಬಣ್ಣದ ಡಬ್ಬಿ ನನ್ನ ಮಡಿಲಿಗಿಟ್ಟ.
“ಮೂರನೆಯ ಅಂಕ ನೀನೇ ಬಾಯಿಪಾಠ ಮಾಡಿರು.”

ಮಾಡಿದೆ. ಈಗಲೂ ಬರುತ್ತದೆ.

ಎರಡು ವಾರ ಐದು ವರ್ಷವಾಯಿತು.
ಊರು ಒಮ್ಮೆ ಹೋಯಿತು, ಬಂತು, ಮತ್ತೆ ಹೋಯಿತು.
ಗಡಿ ನಮ್ಮ ಬೆನ್ನ ಹಿಂದೆ ನಡೆದು ಬಂದು
ರಂಗ, ಪರದೆ, ನನ್ನ ಪೆಟ್ಟಿಗೆ ಎಲ್ಲ ಆಚೆಗಾದವು.
ರೈಲಿನಲ್ಲಿ ನಾನು ತಂದದ್ದು ಒಂದು ಹೊದಿಕೆ, ಆ ಡಬ್ಬಿ.

ಲಾಹ್ತಿಯಲ್ಲಿ, ಬೆಂಕಿ ಆರಿಸುವವರ ಸಭಾಂಗಣದಲ್ಲಿ
ಮತ್ತೆ ಹಲಗೆ ಜೋಡಿಸಿದೆವು. ನವೆಂಬರಿನಲ್ಲಿ ಅವನು ಬಂದ.
ಕೈಕಾಲು ನೆಟ್ಟಗಿದ್ದವು. ಮುಖ ಮೊದಲಿಗಿಂತ ಚೆನ್ನ.
ದನಿ ಕೊನೆಯ ಬೆಂಚಿನ ಮೊಳೆಗೂ ಮುಟ್ಟುವ ಹಾಗೆ.
ಯಜಮಾನರು ಕುರ್ಚಿ ಬಿಟ್ಟು ಎದ್ದುನಿಂತರು.
ಒಂದು ಪುಟ. ಎರಡು ಪುಟ. ಹೆಬ್ಬೆರಳು ಮಡಚಿತು.
ನಾನು ಪದ ಎಸೆದೆ.
ಅವನು ಕಾದ.
ಮತ್ತೆ ಎಸೆದೆ.
ಕಾದ.
ಆಮೇಲೆ, ಹುಟ್ಟಿದಾಗಿನಿಂದ ಮೊದಲ ಸಲ, ಕೂಗಿದೆ.
ಹಿಂದೆ ಕಸ ಗುಡಿಸುತ್ತಿದ್ದ ಮುದುಕಿ ತಿರುಗಿ ನೋಡಿದಳು.
ಅವನು ನೋಡಲಿಲ್ಲ.

ಬಾಗಿಲಲ್ಲಿ ನಾವು ಕುಶಲ ಕೇಳಿದಾಗ
ನಮ್ಮ ತುಟಿ ಓದಿ ಉತ್ತರ ಕೊಟ್ಟಿದ್ದ.
ಅದೇ ಅವನ ಅತ್ಯುತ್ತಮ ನಟನೆ. ಹತ್ತು ನಿಮಿಷ ನಡೆಯಿತು.
ಫಿರಂಗಿಯ ಪಕ್ಕ ನಿಂತು ನಿಂತು ಕಿವಿಗಳು
ಎಲ್ಲೋ ಕಾಡಿನಲ್ಲಿ ಬಾಗಿಲು ಹಾಕಿಕೊಂಡಿದ್ದವು.

ಹಲಗೆಯ ಮೇಲೆ ಮಂಡಿಯೂರಿ ಪೆಟ್ಟಿಗೆಯೊಳಗೆ ಬಗ್ಗಿ
ನನ್ನ ಮುಖ ನೋಡಿದ. “ಈಗ ಹೇಳು,” ಎಂದ.
ಹೇಳಿದೆ. ಆಡಿದ, ತಪ್ಪಿಲ್ಲದೆ.
ಆದರೆ ಮಂಡಿಯೂರಿದ ಗಡಿಯಾರದವನನ್ನು
ಮೂರು ಅಂಕ ಯಾರು ನೋಡುತ್ತಾರೆ?

ಈಗ ಕುರ್ಚಿ ಕಾರ್ಖಾನೆಯಲ್ಲಿ ಗರಗಸದ ಮುಂದೆ
ದಿನವಿಡೀ ಕಿವಿ ಬೇಡದ ಕೆಲಸ.
ಶನಿವಾರ ಪರದೆಯ ಮರೆಯಲ್ಲಿ ಸ್ಟೂಲು ಹಾಕಿ ಕೂರುತ್ತಾನೆ,
ನನ್ನ ಬಾಯಿ ಕಾಣುವ ಕಡೆ. ನಾನು ಮರೆತವರ ಮಾತಷ್ಟೇ ಅಲ್ಲ
ಎಲ್ಲರ ಮಾತೂ ತುಟಿಯಲ್ಲೇ ಆಡುತ್ತೇನೆ:
ಅತ್ತೆ, ಸೊಸೆ, ಪೋಸ್ಟಿನವ, ನಾಯಿಯ ಬೊಗಳೂ.

ಹೋದ ವಾರ ಎಳೆಯ ನಟನೊಬ್ಬ ತಡವರಿಸಿದ.
ನನ್ನ ಕಣ್ಣು ಆರ್ವಿಯ ಮೇಲಿತ್ತು, ತಡವಾದೆ.
ಆಗ ಮರೆಯಿಂದ ಗುಡುಗಿತು: “ಸೇತುವೆ!”
ಸಭೆ ಬೆಚ್ಚಿತು. ಹುಡುಗನಿಗೆ ಮಾತು ಸಿಕ್ಕಿತು.
ನನಗೆ ಅರ್ಧ ವಾರದ ಸಂಬಳ ದಂಡ.

ಆರ್ವಿ ಮಾತ್ರ ನನ್ನತ್ತ ಬಗ್ಗಿ, ಕಳವಳದಿಂದ,
“ಮೆಲ್ಲಗೇ ಹೇಳಿದೆ ಅಲ್ಲವೇ?” ಎಂದ.
ಅದೂ ಕೊನೆಯ ಬೆಂಚಿನವರೆಗೆ ಕೇಳಿತು.