ಬೀಸುಕಲ್ಲಿನ ಲಂಗರು

ಹನ್ನೆರಡು ಮೊಳ ಉದ್ದ, ಮೂರು ಮೊಳ ಅಗಲ:
ಇದ ಪಡಸಾಲಿ, ಇದ ಅಡಗಿಮನಿ,
ಎರಡು ಹಲಗಿ ಸರಿಸಿದ್ರ ಇದ ಹಾಸಿಗಿ.
ದೀಪಾವಳಿ ಮುಗದಿಂದ ಹೋಳಿಹುಣ್ವಿ ತನಕಾ
ಆಲಮಟ್ಟಿ ಹಿನ್ನೀರಾಗ ನಮ್ಮ ಸಂಸಾರ.
ನಾನು, ಯಂಕೋಬ, ಒಂದು ಸ್ಟೋವು,
ನೀರಂದ್ರ ಅಂಜೂ ಒಂದು ಬೆಕ್ಕು.

ಎದ್ದ ಕೂಡಲೆ ಬೀಡಿ ಹಚ್ಚತಾನ.
ಹೊಗಿ ಯಾಕಡೆ ವಾಲತೈತಿ ನೋಡಿ
‘ಮೂಡಗಾಳಿ, ಬೀಳಗಿ ಕಡೆ ಹೋಗೂಣು’ ಅಂತಾನ.
‘ಮೊದಲ ಬೂದಿ ಆಚೆ ಝಾಡಿಸು, ಹಿಟ್ಟಿನಾಗ ಬೀಳತೈತಿ.’
ದೋಣ್ಯಾಗ ರೊಟ್ಟಿ ಬಡಿಯೂದು ಎಲ್ಲಾರ ಕೈಲೆ ಆಗೂದಲ್ಲ.
ತೆರಿ ಎತ್ತಿದಾಗ ಕೈ ತಡಿಬೇಕು,
ಇಳದಾಗ ಬಡಿಬೇಕು.
ಮೊದಲನೇ ವರ್ಷ ನನ್ನ ರೊಟ್ಟಿ ಎಲ್ಲಾ
ಒಂದ ಕಡೆ ದಪ್ಪ.

ಹಾಯಿ ಅಂದ್ರ ದೊಡ್ಡ ಮಾತಲ್ಲ.
ಇಲೆಕ್ಷನ್ಯಾಗ ಸೋತಾಂವನ ಫ್ಲೆಕ್ಸು,
ತಲಿಕೆಳಗ ಮಾಡಿ ಹೊಲದೀವಿ.
ಗಾಳಿ ತುಂಬಿದ್ರ ಅವನ ಗಲ್ಲ ಉಬ್ಬತಾವು,
ಗಾಳಿ ಬಿದ್ರ ಮೀಸಿ ಜೋಲು.
ಸೋತ ಮ್ಯಾಲೂ ಇಷ್ಟು ದುಡಿಯಾಂವ
ತಾಲೂಕಿನಾಗ ಇವನೊಬ್ಬನ.
ಇವನ ಬೆನ್ನಿಂದನ ನಾ ಸೀರಿ ಬದಲಿಸೂದು,
ಹೊರಕಡೆಗೆ ಕುಂಡ್ರೂದು.
ಆ ಹೊತ್ತಿಗೆ ಯಂಕೋಬ
ದಂಡಿ ಮ್ಯಾಲಿನ ಕೊಕ್ಕರಿ ಎಣಿಸತಾನ,
ಕೇಳದಿದ್ರೂ ಲೆಕ್ಕ ಹೇಳತಾನ.

ಮಧ್ಯಾಹ್ನ ಗಾಳಿ ಇರೂದಿಲ್ಲ.
ನೀರು ಎಣ್ಣಿ ಹಂಗ ಬಿದ್ದಿರತೈತಿ.
ಕಾಲಹೆಬ್ಬಟ್ಟಿಗೆ ಬಲಿ ಸಿಗಿಸಿ
ಹರದ ಕಣ್ಣು ಹೆಣಕೋತ ಕುಂಡ್ರತೀನಿ.
ಕಂಬದ ತುದಿಗೆ ಪ್ಲಾಸ್ಟಿಕ್ ಚೀಲದಾಗ ಫೋನು.
ಐಸ್ ಗಾಡಿ ಹುಸೇನಸಾಬ ಅದರಾಗಿಂದ ಒದರತಾನ:
‘ಕಟ್ಲಾ ನೂರಾ ಹತ್ತು!
ಜಿಲೇಬಿ ತರಬ್ಯಾಡ್ರಿ, ಕೇಳಾವ್ರಿಲ್ಲ!’
ಬಲಿ ತುಂಬ ಜಿಲೇಬಿನ ಇರತಾವು ಆವತ್ತು.

ಸಮುದ್ರದಾಗ ನೀರು ಏರಿಸಿ ಇಳಿಸಾಂವ ಚಂದ್ರ ಅಂತ.
ನಮ್ಮಲ್ಲಿ ಇಂಜಿನಿಯರ್ ಸಾಹೇಬ.
ಅಂವ ಕ್ಯಾನಾಲಿಗೆ ಬಿಟ್ಟ ರಾತ್ರಿ
ನಮ್ಮ ಅಂಗಳ ಒಂದು ಗೇಣು ತಗ್ಗತೈತಿ,
ನಾವು ನಿದ್ದಿಯೊಳಗ ಇಳಿತೀವಿ.

ಲಂಗರಿಗೆ ನಮ್ಮತ್ತಿ ಬೀಸುಕಲ್ಲು.
ಮ್ಯಾಲಿನ ಹೋಳು. ಕಾಳು ಸುರಿಯೂ ತೂತಿನಾಗ
ಈಗ ನೈಲಾನ್ ಹಗ್ಗ.
ಅತ್ತಿ ಇದ್ದಾಗ ಕೇಳಿದ್ನಿ,
ಇದನ್ನ ನೀರಿಗೆ ಹಾಕಲೇನ್ರಿ ಅಂತ.
‘ಮನೀನ ಹಾಕೇವಿ,
ಕಲ್ಲಿಗೇನು ಕೇಳತಿ’ ಅಂದ್ಲು.

ಮೊನ್ನೆ ಅವರಾತ್ರಿ ಮುಂಜಾನೆ ಕಲ್ಲು ಏಳಲಿಲ್ಲ.
ಯಂಕೋಬ ಜಗ್ಗಿದ. ಇಬ್ಬರೂ ಜಗ್ಗಿದ್ವಿ.
ದೋಣಿ ಮೂತಿ ಬಗ್ಗಿ ನೀರು ಕುಡೀಲಿಕ್ಕೆ ಬಂತು,
ಕಲ್ಲು ಏಳಲಿಲ್ಲ.
ಎಡಕ್ಕ ಗುಡ್ಡ, ಬಲಕ್ಕ ಕೋಲಾರ ಸೇತುವಿ ದೀಪ.
ಅಂವ ಲೆಕ್ಕ ಹಾಕಿ ಸುಮ್ಮನಾದ.
‘ಇಲ್ಲೇ ಕೆಳಗ’ ಅಂದ. ಮುಂದ ಹೇಳಲಿಲ್ಲ.
ಹಿತ್ತಲ ಗೋಡಿಯೋ, ಬಾವಿ ಕಟ್ಟಿಯೋ,
ಯಾವುದಕ್ಕ ಸಿಕ್ಕಿತ್ತೋ.
ಕುಡಗೋಲು ತಗೊಂಡ, ಹಗ್ಗಕ್ಕ ಇಟ್ಟ.
‘ಐಸ್ ಗಾಡಿ ಹೋಗತೈತಿ’ ಅಂದ,
ಆದ್ರ ಕೊಯ್ಯಲಿಲ್ಲ.
ನಾ ಚಹಾಕ್ಕಿಟ್ಟೆ.

ಎರಡು ಸಲ ಕುಡದ್ವಿ.
ಪಟ್ಟಿತಲಿ ಬಾತು ಸಾಲಾಗಿ ಹಾದು ಹೋದವು,
ನಮ್ಮನ್ನ ಒಂದು ದಿಬ್ಬ ಅಂತ ತಿಳದು.
ಬಿಸಿಲು ಏರಿದಾಗ ಗಾಳಿ ತಿರುವಿತು.
ಸೋತಾಂವನ ಗಲ್ಲ ಉಬ್ಬಿದವು,
ದೋಣಿ ಇನ್ನೊಂದು ಕಡೆಯಿಂದ ಜಗ್ಗಿತು, ಫಟ್ಟಂತ
ಹಗ್ಗ ಸಡ್ಲಾತು.

ಕಲ್ಲು ಬಂತು.
ತೂತಿನ ತುಂಬ ಮೆತ್ತಿದ್ದು ಕರೀ ಎರಿಮಣ್ಣು,
ಬೆಣ್ಣಿ ಹಂಗ.
ಯಂಕೋಬ ಬೆರಳಲೆ ತಗದು ಮೂಸಿದ,
ನನಗೂ ಮೂಸಿಸಿದ.
ನನಗ ಬರೇ ಮೀನಿನ ವಾಸನಿ.
ಅವನಿಗೆ ಏನು ಬಂತೋ ಕೇಳಲಿಲ್ಲ.

ಸೀದ ಹಂಚು ಹಂಗ ಇತ್ತು.
ಆ ಮಣ್ಣು ತಗೊಂಡು ತಿಕ್ಕಿದ್ನಿ.
ಎಂಟು ದಿನದ ಕರಿ ಬಿಡ್ತು.
ಬೆಕ್ಕು ಹೋಗಿ ಕಲ್ಲಿನ ಮ್ಯಾಲ ಕುಂತಿತು,
ಫೋನಿನಾಗ ಹುಸೇನಸಾಬ ಬೈಯಾಕತ್ತಿದ್ದ.