ಅಕ್ಷರಕ್ಕೆ ಇಷ್ಟು

ಮೊದಲು ಬರೆದದ್ದು ಎರಡೇ ಪದ: ಜನತಾ ಮನೆ.
ಐದಕ್ಷರ. ಅಕ್ಷರಕ್ಕೆ ನಾಲ್ಕಾಣೆ.
ಸುಣ್ಣದ ಗೋಡೆ, ನೀಲಿ ಪುಡಿ, ಕುಂಚ ನನ್ನಪ್ಪನದು.
ಕೋಡಿಬಾಗದಿಂದ ಹೊರಟು
ಬಿಣಗಾ ಏರಿನಲ್ಲಿ ಸೈಕಲ್ ತಳ್ಳುತ್ತ ಅರಗಾಕ್ಕೆ ಹೋಗಿದ್ದೆ.
ಬಾಗಿಲಲ್ಲಿ ಧಾಕು ಹರಿಕಂತ್ರ, ಹೊಸ ಸೊಸೆ, ಓದು ಬಾರದವಳು.
"ಇದ್ರಲ್ಲಿ ನಮ್ಮ ಹೆಸರೆಲ್ಲಿ?" ಅಂದಳು.
"ಜನತಾ ಅಂದ್ರೆ ನೀವೇ" ಅಂದೆ.
ನಕ್ಕಳು. ಹಂಚಿನ ಸಂದಿಯಿಂದ ಬಿದ್ದ ಬಿಸಿಲು
ಅವಳ ನತ್ತಿನ ಮೇಲೆ
ಆಗಿನ ಒಂದು ಸರಕಾರದಷ್ಟು ಹೊತ್ತು ಕೂತಿತ್ತು.

ಆಮೇಲೆ ದಿಲ್ಲಿಯಲ್ಲಿ ಯಾರೋ ಇಳಿದರು, ಯಾರೋ ಏರಿದರು.
ಇಳಿದವರಿಗೆ ಸುಣ್ಣ, ಏರಿದವರಿಗೆ ಬಣ್ಣ.
ನನಗೇನು, ಎರಡಕ್ಕೂ ಕೂಲಿ.
ಒಂದು ಸಲ ಒಲೆಯಲ್ಲಿ ಹೊಗೆ ಬರಕೂಡದು ಅಂದರು,
ಇನ್ನೊಂದು ಸಲ ಪಾಯಿಖಾನೆ ಮೊದಲು, ಮನೆ ಆಮೇಲೆ.
ಚದರಡಿ ಹೋಗಿ ಚದರ ಮೀಟರ್ ಬಂತು.
ಮನೆ ಕೊಡುತ್ತೇವೆ ಅಂದವರು ಸಾಲ ಕೊಡುತ್ತೇವೆ ಅಂದರು,
ಸಾಲ ಹೋಗಿ ಸಹಾಯಧನವಾಯಿತು, ಅದೂ ಕಂತಿನಲ್ಲಿ.
ಪ್ರತಿ ಸಲವೂ ಹೆಸರು ಒಂದು ಗೇಣು ಬೆಳೆಯಿತು.
ಗೋಡೆ ಇದ್ದಷ್ಟೇ ಇತ್ತು;
ಅಕ್ಷರ ಸಣ್ಣ ಮಾಡುವುದನ್ನು ಕಲಿತೆ.

ಒಂದು ವರ್ಷ ಬರೀ ನಂಬರು ಹಾಕಲು ಕರೆದರು.
ಕೆಂಪು ಬಣ್ಣ ಅವರದೇ.
ನೌಕಾನೆಲೆಗೆ ಬೇಕಾದ ಮನೆಗಳಿಗೆಲ್ಲ ಕ್ರಮಸಂಖ್ಯೆ,
ತೆಂಗಿಗೂ ಹಾಕಿದೆ, ಬಾವಿಗೂ ಹಾಕಿದೆ,
ತುಳಸಿಕಟ್ಟೆಗೆ ಬಂದಾಗ ಕೈ ತಿರುಗಿ ೬ ಹೋಗಿ ೯ ಆಯಿತು.
ಪರಿಹಾರದ ಪಟ್ಟಿಯಲ್ಲಿ ಆ ತಪ್ಪು ಇನ್ನೂ ಇದೆಯಂತೆ.
"ಕೊಟ್ಟವ್ರೂ ಅವ್ರೇ, ಬಿಡಿ ಅಂಬವ್ರೂ ಅವ್ರೇಯಾ?"
"ಇದು ಬೇರೆ ಕಚೇರಿ" ಅಂದೆ.
ನನಗೆ ಗೊತ್ತಿದ್ದದ್ದು ಅಷ್ಟೇ.

ತೋಡೂರಿನಲ್ಲಿ ಸೈಟು ಸಿಕ್ಕಿತು.
ರಸ್ತೆ ನೇರ, ಚರಂಡಿ ನೇರ;
ಬಲೆ ಹರವುವ ಜಾಗ ಮಾತ್ರ ನಕ್ಷೆಯಲ್ಲಿಲ್ಲ.
ಮೊದಮೊದಲು ರಾತ್ರಿ ಎದ್ದು ಕೂರುತ್ತಿದ್ದಳಂತೆ,
ಏನೋ ನಿಂತುಹೋಗಿದೆ ಅಂತ.
ಅಲೆ.

ಮಾಜಾಳಿಯ ದಡದಲ್ಲಿರುವ ನಾದಿನಿಯ ಕಥೆ ಬೇರೆ.
ಭರತದ ನೀರಿನಿಂದ ಐನೂರು ಮೀಟರು ಬಿಡಿ ಅಂದರು,
ಆಮೇಲೆ ಇನ್ನೂರು, ಆಮೇಲೆ ನೂರು,
ಈಗ ಕೆಲವು ಕಡೆ ಐವತ್ತೂ ನಡೆಯುತ್ತದಂತೆ.
ಗೆರೆ ಅವಳ ಮನೆಯೊಳಗೇ ತಿರುಗಾಡಿತು:
ಒಂದು ವರ್ಷ ಅಡುಗೆಮನೆ ಕಾನೂನಿನೊಳಗೆ,
ಮಲಗುವ ಕೋಣೆ ಹೊರಗೆ.
ಸಮುದ್ರಕ್ಕೆ ಯಾರೂ ನೋಟಿಸು ಕೊಡಲಿಲ್ಲ.
ಅದು ಹಿತ್ತಿಲನ್ನು ಕೇಳದೆ ತಿಂದಿತು.

ಈಗ ಗೋಡೆ ಬರೆಸುವವರು ಕಡಿಮೆ, ಫ್ಲೆಕ್ಸ್ ಇದೆ.
ಆದರೂ ಈ ವೈಶಾಖದಲ್ಲಿ ಧಾಕು ಹೇಳಿಕಳಿಸಿದಳು.
ಸೊಸೆಯ ಹೆಸರಿಗೆ ಹೊಸ ಮನೆ, ಹೊಸ ಯೋಜನೆ.
ಪಾಯಕ್ಕೊಂದು ಫೋಟೊ, ಲಿಂಟಲ್ಲಿಗೊಂದು, ಸೂರಿಗೊಂದು,
ಮೇಲೆ ಉಪಗ್ರಹಕ್ಕೆ ಗುರುತು ಸಿಗಬೇಕು.
ಕೊನೆಯ ಕಂತಿಗೆ ಗೋಡೆಯ ಮೇಲೆ
ಯೋಜನೆ, ಚಿಹ್ನೆ, ಫಲಾನುಭವಿ, ಮೊತ್ತ.
ಎಣಿಸಿದೆ. ತೊಂಬತ್ತೇಳಕ್ಷರ.

"ಮೊತ್ತದ ಕೆಳಗೆ ಇದನ್ನೂ ಬರಿ ಮಾರಾಯ"
ಬೆರಳು ಮಡಚುತ್ತ ಹೇಳಿದಳು:
ಪಾತಿದೋಣಿ ಮಾರಿದ್ದು.
ನತ್ತು.
ಸಂಘದ ಸಾಲ, ಇನ್ನೂ ಹದಿನೆಂಟು ವಾರ.
ಮೊಮ್ಮಗಳು ಹೊತ್ತ ನೀರು, ಕೊಡಕ್ಕೆ ಲೆಕ್ಕವಿಲ್ಲ.
ತಾಡಪಾಲಿನಡಿ ಎರಡು ಮಳೆಗಾಲ.
ಬರೆದೆ. ಮೇಲಿನ ಸಾಲಿನಷ್ಟೇ ದಪ್ಪ ಅಕ್ಷರದಲ್ಲಿ.
ಇದಕ್ಕೆ ಕೂಲಿ ಹಿಡಿಯಲಿಲ್ಲ.

ಫೋಟೊಕ್ಕೆ ಬಂದ ಇಂಜಿನಿಯರ್ ಹುಡುಗ ಓದಿದ,
ಮತ್ತೊಮ್ಮೆ ಓದಿದ.
"ಆಪ್ ತಗೊಳ್ಳೂದಿಲ್ಲ ಅಜ್ಜಿ" ಅಂದ.
ನಾಲ್ಕು ಹೆಜ್ಜೆ ಹತ್ತಿರ ಬಂದು, ಮೊಬೈಲು ಮೇಲೆತ್ತಿ,
ತೊಂಬತ್ತೇಳಕ್ಷರ ಮಾತ್ರ ಹಿಡಿಸುವಂತೆ ಒತ್ತಿದ.
"ಬಂತೇನೋ?"
"ಬಂತು."
ಯಾವುದು ಅಂತ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊರಟಾಗ ಚೀಲದಲ್ಲಿ ತಾರ್ಲೆ ಹಾಕಿಕೊಟ್ಟಳು.
ಐವತ್ತು ವರ್ಷದ ಪರಿಚಯ;
ಅವಳು ಕೊಂಡ ಮೀನು ಕೊಟ್ಟದ್ದು ಇದೇ ಮೊದಲು.
ಸುಣ್ಣದ ಡಬ್ಬಿ ಅಲ್ಲೇ ಜಗಲಿಯಲ್ಲಿ ಬಿಟ್ಟುಬಂದೆ.
ಬರುವ ವರ್ಷ ಚುನಾವಣೆ.